ಕಣಕುಂಬಿಯ ಹಳ್ಳ ತಿರುಗಿದರೆ ಮಾಂಡೋವಿಯ ತಳ ಬದಲಾಗುತ್ತದೆಯೇ?

ಮಹದಾಯಿ ವ್ಯಾಜ್ಯ ಸುದ್ದಿಗೆ ಬಂದಾಗಲೆಲ್ಲ ಬೆಳಗಾವಿ, ಧಾರವಾಡ, ಗದಗ ಕಡೆಯ ಓದುಗರ ಕಿವಿಗೆ ಎರಡು ಮಾತು ಒಟ್ಟಿಗೆ ಬೀಳುತ್ತವೆ. ‘ಸಮುದ್ರಕ್ಕೆ ಹರಿದುಹೋಗುವ ನೀರಿನಲ್ಲಿ ಒಂದಿಷ್ಟನ್ನು ಕುಡಿಯಲು ಕೇಳುತ್ತಿದ್ದೇವೆ’ ಎಂಬುದು ನಮ್ಮ ಕಡೆಯ ಮಾತು. ‘ನೀರು ತಿರುಗಿಸಿದರೆ ಉಪ್ಪು ಒಳನುಗ್ಗುತ್ತದೆ, ಮೀನುಗಾರಿಕೆ ಕೆಡುತ್ತದೆ’ ಎಂಬುದು ಗೋವೆಯ ಮಾತು. ಮೊದಲನೆಯದು ನಮಗೆ ಸುಲಭವಾಗಿ ತಿಳಿಯುತ್ತದೆ. ಎರಡನೆಯದು ತಿಳಿಯುವುದಿಲ್ಲ. ಘಟ್ಟದ ಮೇಲಿನ ಒಂದು ಹಳ್ಳಕ್ಕೂ ಕಡಲಂಚಿನ ಬಲೆಗೂ ಏನು ಸಂಬಂಧ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಸಂಬಂಧ ಇದೆ. ಆದರೆ ಅದು ಎರಡೂ ಕಡೆಯ ವೇದಿಕೆಗಳಲ್ಲಿ ಹೇಳುವಷ್ಟು ಸರಳವಾಗಿಲ್ಲ. ಅದನ್ನು ತಿಳಿಯಬೇಕಾದರೆ ಉಬ್ಬರ, ಇಳಿತ ಮತ್ತು ಹೊಳೆಯ ನೀರು ಸೇರಿ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಭಾಗದ, ತಳವನ್ನು ಹೇಗೆ ಕಟ್ಟುತ್ತವೆ, ಹೇಗೆ ಕೆಡವುತ್ತವೆ ಎಂಬುದನ್ನು ನೋಡಬೇಕು. ಕಾಣೆ, ಸಿಗಡಿ, ಏಡಿ, ಚಿಪ್ಪಿಕಲ್ಲು ಇವೆಲ್ಲ ಬದುಕುವುದು ಆ ತಳವನ್ನು ನಂಬಿಕೊಂಡು.

ಮೊದಲು ಅಂಕಿಗಳ ಗೊಂದಲ

ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಘಟ್ಟದಲ್ಲಿ. ಗೋವೆಯಲ್ಲಿ ಅದೇ ಮಾಂಡೋವಿಯಾಗಿ ಪಣಜಿಯ ಬಳಿ ಕಡಲು ಸೇರುತ್ತದೆ. ಜಲಾನಯನದ ಒಟ್ಟು ವಿಸ್ತೀರ್ಣ 2,032 ಚದರ ಕಿ.ಮೀ. ಅದರಲ್ಲಿ ಕರ್ನಾಟಕದ ಪಾಲು 375, ಮಹಾರಾಷ್ಟ್ರದ್ದು 77, ಉಳಿದ 1,580 ಗೋವೆಯದು. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಕೇಂದ್ರ ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿತು. ತೀರ್ಪನ್ನು ಪ್ರಶ್ನಿಸಿ ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆಯೂ ಅರಣ್ಯ ಮತ್ತು ವನ್ಯಜೀವಿ ಅನುಮತಿಯ ತಕರಾರು ಮುಂದುವರಿಯಿತು.

ತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು 13.42 ಟಿಎಂಸಿ. ಇಷ್ಟೂ ಮಲಪ್ರಭೆಗೆ ತಿರುಗುತ್ತದೆ ಎಂದು ಅಲ್ಲಿಯೂ ಇಲ್ಲಿಯೂ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಇದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ, ಅಂದರೆ ಯಂತ್ರ ತಿರುಗಿಸಿ ಮತ್ತೆ ಹೊಳೆಗೇ ಬೀಳುವ ನೀರು. 1.5 ಟಿಎಂಸಿ ಜಲಾನಯನದೊಳಗಿನ ಬಳಕೆಗೆ. ಘಟ್ಟ ದಾಟಿ ಪೂರ್ವಕ್ಕೆ ಬರುವುದು ಕಣಕುಂಬಿಯ ಬಳಿಯ ಕಳಸಾ ಹಳ್ಳದಿಂದ 1.72, ನೇರಸೆಯ ಬಳಿಯ ಬಂಡೂರಿ ಹಳ್ಳದಿಂದ 2.18, ಒಟ್ಟು 3.90 ಟಿಎಂಸಿ ಮಾತ್ರ. ನದಿಯ ಇಳುವರಿಯನ್ನು ನ್ಯಾಯಮಂಡಳಿ ಶೇ 75ರ ವಿಶ್ವಾಸಾರ್ಹತೆಯಲ್ಲಿ, ಅಂದರೆ ನಾಲ್ಕರಲ್ಲಿ ಮೂರು ವರ್ಷ ಸಿಗುವ ಲೆಕ್ಕದಲ್ಲಿ, 188.06 ಟಿಎಂಸಿ ಎಂದು ಲೆಕ್ಕ ಹಾಕಿದೆ. ಅಲ್ಲಿಗೆ ತಿರುಗುವ ಪಾಲು ಶೇ 2ಕ್ಕಿಂತ ತುಸು ಹೆಚ್ಚು.

ಚರ್ಚೆ ಸಾಮಾನ್ಯವಾಗಿ ಇಲ್ಲಿಗೆ ನಿಂತುಬಿಡುತ್ತದೆ. ‘ಬರೀ ಶೇ 2’ ಎಂದು ಒಬ್ಬರು, ‘ಒಂದು ಹನಿಯೂ ಬೇಡ’ ಎಂದು ಇನ್ನೊಬ್ಬರು. ಅಳಿವೆಯ ತಳಕ್ಕೆ ವಾರ್ಷಿಕ ಸರಾಸರಿಯಿಂದ ಆಗಬೇಕಾದದ್ದು ಏನೂ ಇಲ್ಲ. ಅದಕ್ಕೆ ಬೇಕಾದ ಲೆಕ್ಕ ಯಾವ ತಿಂಗಳಲ್ಲಿ ಎಷ್ಟು ಎಂಬುದು.

ಒಂದೇ ಪಾತ್ರದಲ್ಲಿ ಎರಡು ಹೊಳೆ

ಮಾಂಡೋವಿಯಂಥ ಪಶ್ಚಿಮ ಕರಾವಳಿಯ ನದಿಗಳಲ್ಲಿ ವರ್ಷದ ನೀರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹರಿದುಹೋಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಎಂದು ಹಿಡಿದರೆ, ಆ ನಾಲ್ಕು ತಿಂಗಳ ಸರಾಸರಿ ಹರಿವು ಸುಮಾರು 16,000 ಕ್ಯುಸೆಕ್ಸ್ (ಸೆಕೆಂಡಿಗೆ ಅಷ್ಟು ಘನ ಅಡಿ) ಆಗುತ್ತದೆ. ಮಳೆ ಜೋರಾದ ದಿನ ಅದಕ್ಕಿಂತ ಎಷ್ಟೋ ಹೆಚ್ಚು. ಆಗ ಸಿಹಿನೀರು ಉಪ್ಪನ್ನು ಕಡಲ ಬಾಯಿಯ ಹತ್ತಿರಕ್ಕೆ ತಳ್ಳಿಬಿಡುತ್ತದೆ.

ಫೆಬ್ರುವರಿಯಿಂದ ಮೇ ತನಕ ಹೊಳೆಯ ಹರಿವು ಸೊರಗಿರುತ್ತದೆ. ಆಗ ಆ ಪಾತ್ರ ಕಡಲಿನದೇ ಒಂದು ತೋಳು. ಉಬ್ಬರ ಸುಮಾರು 50 ಕಿ.ಮೀ. ಒಳಗಿನ ಗಾಂಜೆಯ ತನಕ ಏರುತ್ತದೆ, ಬೇಸಿಗೆಯ ಕೊನೆಗೆ ಉಪ್ಪು ಸುಮಾರು 40 ಕಿ.ಮೀ. ಒಳಗೆ ಬಂದಿರುತ್ತದೆ. ಇದು ಯಾವ ತಿರುವು ಯೋಜನೆಯೂ ಇಲ್ಲದೆ ಪ್ರತಿವರ್ಷ ನಡೆಯುವ ಕ್ರಮ. ದೋನಾಪಾವ್ಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಅಳಿವೆಗಳನ್ನು ‘ಮುಂಗಾರಿನ ಅಳಿವೆ’ಗಳೆಂದು ಪ್ರತ್ಯೇಕವಾಗಿ ಗುರುತಿಸುವುದು ಇದೇ ಕಾರಣಕ್ಕೆ. ವರ್ಷವಿಡೀ ಒಂದೇ ಹದದಲ್ಲಿ ಹರಿಯುವ ಹೊಳೆಗಳ ನಿಯಮ ಇಲ್ಲಿ ನಡೆಯುವುದಿಲ್ಲ.

ಉಬ್ಬರದ ಬಲ ಎಷ್ಟೆಂಬುದಕ್ಕೆ ಒಂದು ಲೆಕ್ಕ. ಗೋವೆಯ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಮಟ್ಟ ಸುಮಾರು 2 ಮೀಟರ್ ಏರಿ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಅಂದರೆ ಏರಲು ಆರು ಗಂಟೆ ಚಿಲ್ಲರೆ, ಇಳಿಯಲು ಅಷ್ಟೇ. ಅಳಿವೆಯ ಒಂದು ಚದರ ಕಿಲೋಮೀಟರ್ ಹರವಿನಲ್ಲಿ 2 ಮೀಟರ್ ನೀರು ಆ ಅವಧಿಯಲ್ಲಿ ತುಂಬಬೇಕಾದರೆ 3,000 ಕ್ಯುಸೆಕ್ಸ್‌ಗೂ ಮೇಲ್ಪಟ್ಟು ನೀರು ಒಳಬರಬೇಕು. ಅಷ್ಟೇ ನೀರು ಮರಳಿ ಹೋಗಬೇಕು. ಇದು ಒಂದೇ ಚದರ ಕಿಲೋಮೀಟರಿನ ಮಾತು. ಬೇಸಿಗೆಯಲ್ಲಿ ಅಳಿವೆಯ ತಳವನ್ನು ಕದಲಿಸುವ ಶಕ್ತಿ ಹೊಳೆಯದಲ್ಲ, ಉಬ್ಬರ ಇಳಿತದ್ದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಯಾವ ಕಣ ಎಲ್ಲಿ ಕೂರುತ್ತದೆ

ನೀರು ತಳದ ಮೇಲೆ ಹರಿಯುವಾಗ ಕಣಗಳನ್ನು ಉಜ್ಜಿ ಎಳೆಯುತ್ತದೆ. ಈ ಎಳೆತ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ನಯವಾದ ಮರಳು ಕದಲಲು ಸೆಕೆಂಡಿಗೆ 30ರಿಂದ 40 ಸೆಂ.ಮೀ. ವೇಗದ ಹರಿವು ಸಾಕು. ಅದಕ್ಕಿಂತ ಕಡಿಮೆಯಿದ್ದರೆ ಅದು ಬಿದ್ದಲ್ಲೇ ಬಿದ್ದಿರುತ್ತದೆ. ಜೇಡಿಯ ಸ್ವಭಾವ ಬೇರೆ. ಅದರ ಕಣ ಮರಳಿಗಿಂತ ಎಷ್ಟೋ ಸಣ್ಣದು, ಆದರೂ ಒಮ್ಮೆ ಕೂತು ಗಟ್ಟಿಯಾದರೆ ಕಣಕ್ಕೆ ಕಣ ಅಂಟಿಕೊಂಡು ಮರಳಿಗಿಂತ ಬಿಗಿಯಾಗಿ ನಿಲ್ಲುತ್ತದೆ. ಹೀಗಾಗಿ ಒಂದು ಹಂಗಾಮಿನಲ್ಲಿ ಕೂತ ಕೆಸರು ಮುಂದಿನ ಹಂಗಾಮಿನಲ್ಲಿ ತಾನಾಗಿ ತೊಳೆದುಹೋಗುತ್ತದೆ ಎಂದು ನಂಬುವಂತಿಲ್ಲ.

ಇಳಿಯುವ ವೇಗದಲ್ಲಿ ಇನ್ನೂ ದೊಡ್ಡ ವ್ಯತ್ಯಾಸವಿದೆ. 0.2 ಮಿ.ಮೀ. ಗಾತ್ರದ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಒಂದು ನಿಮಿಷ ಬೇಡ. ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಅದೇ ಒಂದು ಮೀಟರ್ ಇಳಿಯಲು ಮೂರು ದಿನ ಬೇಕು. ಕಣದಲ್ಲಿ ಜೋಳ ತೂರುವಾಗ ಕಾಳು ಬುಡದಲ್ಲಿ, ಹೊಟ್ಟು ದೂರದಲ್ಲಿ ಬೀಳುವಂತೆ ಹರಿವು ತಳವನ್ನು ವಿಂಗಡಿಸುತ್ತದೆ. ವೇಗದ ನಡುಗಾಲುವೆಯಲ್ಲಿ ದಪ್ಪ ಮರಳು ಮತ್ತು ಚಿಪ್ಪಿನ ಚೂರು, ಪಕ್ಕದ ಆಳ ಕಡಿಮೆಯ ಜಾಗದಲ್ಲಿ ನಯ ಮರಳು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಸರು.

ಉಪ್ಪು ಈ ವಿಂಗಡಣೆಗೆ ಅಡ್ಡ ಬರುತ್ತದೆ. ಸಿಹಿನೀರಿನಲ್ಲಿ ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಲೀಟರಿಗೆ ಎರಡು ಮೂರು ಗ್ರಾಂ ಉಪ್ಪು ಬೆರೆತರೆ ಸಾಕು, ಆ ತಳ್ಳಾಟ ನಿಂತು ಕಣಗಳು ಗಂಟುಕಟ್ಟುತ್ತವೆ. ಕಡಲ ನೀರಿನಲ್ಲಿ ಉಪ್ಪು ಲೀಟರಿಗೆ 35 ಗ್ರಾಂ, ಅದರ ಹತ್ತನೇ ಒಂದು ಪಾಲೂ ಬೇಕಿಲ್ಲ. ಹೀಗೆ ಕಟ್ಟಿದ ಗಂಟು ಒಂದು ಮೀಟರನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಇಳಿಯಬಲ್ಲದು. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ನಿಂತಂತಿರುವ ಹೊತ್ತು ಅದಕ್ಕೆ ಸಾಕಾಗುತ್ತದೆ. ಆದ್ದರಿಂದ ಸಿಹಿನೀರು ಉಪ್ಪನ್ನು ಸಂಧಿಸುವ ಜಾಗದಲ್ಲಿಯೇ ನೀರು ಅತಿ ಹೆಚ್ಚು ಕದಡಿರುತ್ತದೆ, ಅದರ ತಳದಲ್ಲಿಯೇ ಕೆಸರು ಹೆಚ್ಚು ಕೂರುತ್ತದೆ.

ಕಳಸಾ ಬಂಡೂರಿಗೂ ಅಳಿವೆಯ ತಳಕ್ಕೂ ಇರುವ ಕೊಂಡಿ ಇಲ್ಲಿದೆ. ಹೊಳೆಯ ನೀರು ಕಡಿಮೆಯಾದರೆ ಆ ಸಂಧಿ ಮೇಲಕ್ಕೆ ಸರಿಯುತ್ತದೆ. ಸಂಧಿಯ ಜತೆ ಕೆಸರು ಕೂರುವ ಜಾಗವೂ ಸರಿಯುತ್ತದೆ. ನಿನ್ನೆಯವರೆಗೆ ಮರಳಾಗಿದ್ದ ತಳದ ಮೇಲೆ ಕೆಸರಿನ ಪದರ ಬರುತ್ತದೆ.

ಉಬ್ಬರವೂ ಇಳಿತವೂ ಸರಿಸಮವಲ್ಲ

ಬಂದಷ್ಟೇ ನೀರು ಮರಳಿ ಹೋಗುವುದಾದರೆ, ಬಂದಷ್ಟೇ ಮಣ್ಣೂ ಹೋಗಬೇಕಲ್ಲವೇ ಎಂದು ಕೇಳಬಹುದು. ಆಳ ಕಡಿಮೆ ಇರುವ ಅಳಿವೆಗಳಲ್ಲಿ ಹಾಗಾಗುವುದಿಲ್ಲ. ಆಳ ಹೆಚ್ಚಿದಷ್ಟು ಉಬ್ಬರದ ಅಲೆ ವೇಗವಾಗಿ ಮುನ್ನಡೆಯುತ್ತದೆ. ನೀರು ತುಂಬಿದಾಗ ಆಳ ಹೆಚ್ಚು, ಇಳಿದಾಗ ಕಡಿಮೆ. ಅದರಿಂದಾಗಿ ಅಲೆಯ ಎತ್ತರದ ತುದಿ ಬೇಗ ಸಾಗಿ ಮುಂದಿರುವ ಅಲೆಯ ತಗ್ಗನ್ನು ಹಿಂದಿನಿಂದ ಹಿಡಿಯುತ್ತ ಬರುತ್ತದೆ. ಒಳನಾಡಿಗೆ ಹೋದಂತೆ ಉಬ್ಬರ ಗಿಡ್ಡ ಅವಧಿಯಲ್ಲಿ ರಭಸವಾಗಿಯೂ, ಇಳಿತ ಉದ್ದ ಅವಧಿಯಲ್ಲಿ ನಿಧಾನವಾಗಿಯೂ ನಡೆಯುತ್ತದೆ.

ಮರಳಿನ ಸಾಗಾಟ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ಉಬ್ಬರದ ವೇಗ ಸೆಕೆಂಡಿಗೆ 60 ಸೆಂ.ಮೀ., ಇಳಿತದ್ದು 50 ಎಂದುಕೊಳ್ಳಿ. ವೇಗದಲ್ಲಿ ವ್ಯತ್ಯಾಸ ಐದನೇ ಒಂದು ಪಾಲು, ಆದರೆ ಸಾಗಿಸುವ ಶಕ್ತಿಯಲ್ಲಿ ಸುಮಾರು 1.7 ಪಟ್ಟು. ಇಳಿತಕ್ಕೆ ಸಮಯ ಹೆಚ್ಚು ಸಿಕ್ಕರೂ ಒಳಬಂದ ಮರಳಿನಷ್ಟನ್ನು ಅದು ಹೊರಹಾಕಲಾರದು. ದಿನಕ್ಕೆ ಎರಡು ಬಾರಿ ಸ್ವಲ್ಪ ಸ್ವಲ್ಪವೇ ಉಳಿಯುತ್ತ ಹೋಗುತ್ತದೆ.

ಇದನ್ನು ಸರಿದೂಗಿಸುವುದು ಮಳೆಗಾಲದ ಹೊಳೆ. ಸಿಹಿನೀರು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುವುದರಿಂದ ಅದು ಇಳಿತದ ವೇಗಕ್ಕೆ ಕೂಡುತ್ತದೆ, ಉಬ್ಬರದ ವೇಗದಿಂದ ಕಳೆಯುತ್ತದೆ. ಜುಲೈನ ದೊಡ್ಡ ನೆರೆ ಎಂಟು ತಿಂಗಳಲ್ಲಿ ಕೂಡಿದ್ದನ್ನು ಕೆಲವೇ ದಿನಗಳಲ್ಲಿ ಹೊರಗೆ ತಳ್ಳುತ್ತದೆ. ತಳ ತನ್ನ ಆಳ ಉಳಿಸಿಕೊಳ್ಳುವುದು ಈ ವಾರ್ಷಿಕ ತೊಳೆತದಿಂದ. ಆದ್ದರಿಂದ ನೆರೆಯ ತುದಿಯನ್ನು ಯಾರಾದರೂ ಕತ್ತರಿಸುತ್ತಾರೋ ಇಲ್ಲವೋ ಎಂಬುದು ಮೀನುಗಾರರಿಗೆ ಒಟ್ಟು ಟಿಎಂಸಿಗಿಂತ ಮುಖ್ಯ.

ಕಡಲ ಬಾಯಿಯ ದಿಬ್ಬ ಹೊಳೆಯದಲ್ಲ

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಬಿಡಿಸಬೇಕು. ಮಾಂಡೋವಿ ಕಡಲು ಸೇರುವ ಅಗ್ವಾದ ಕೊಲ್ಲಿಯಲ್ಲಿ ಮಳೆಗಾಲಕ್ಕೆ ಮರಳ ದಿಬ್ಬ ಏಳುತ್ತದೆ. ಅದಿರಿನ ದೋಣಿಗಳು ಆ ದಿನಗಳಲ್ಲಿ ಮಾಂಡೋವಿಯ ಬಾಯಿ ಬಿಟ್ಟು ಕುಂಬಾರ್ಜುವಾ ಕಾಲುವೆಯ ಮೂಲಕ ಪಕ್ಕದ ಜುವಾರಿ ಹೊಳೆಗೆ ದಾಟಿ ಮುರಗಾಂವ್ ಬಂದರು ತಲುಪುತ್ತಿದ್ದುದು ಇದರಿಂದಲೇ. ಹೊಳೆಯ ನೀರು ಕಡಿಮೆಯಾದರೆ ಈ ದಿಬ್ಬ ಬೆಳೆಯುತ್ತದೆ ಎಂಬ ಮಾತು ಕೇಳಿಬರುತ್ತದೆ. ಆದರೆ ಈ ದಿಬ್ಬ ಏಳುವುದು ಹೊಳೆ ತುಂಬಿ ಹರಿಯುವ ಕಾಲದಲ್ಲಿಯೇ. ಅದನ್ನು ಕಟ್ಟುವುದು ಮುಂಗಾರಿನ ದೊಡ್ಡ ಅಲೆಗಳು ತೀರದುದ್ದಕ್ಕೂ ತಳ್ಳಿ ತರುವ ಮರಳು. ಅಲೆಗಳ ಕೈಬಲ ಎಷ್ಟೆಂಬುದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. 2000ದ ಜೂನ್‌ನಲ್ಲಿ ಕಾಂದೋಳಿಯ ಬಳಿ ನೆಲಕಚ್ಚಿದ ‘ರಿವರ್ ಪ್ರಿನ್ಸೆಸ್’ ಹಡಗು 2012ರಲ್ಲಿ ತೆರವಾಗುವ ತನಕ ಅಲ್ಲಿನ ಮರಳಿನ ಸಾಗಾಟಕ್ಕೆ ಅಡ್ಡ ನಿಂತಿತ್ತು. ಒಂದು ಕಡೆ ಮರಳು ಸೇರಿ, ಇನ್ನೊಂದು ಕಡೆ ದಂಡೆ ಕೊರೆಯಿತು. ಕಡಲ ಬಾಯಿಯ ತಳಕ್ಕೆ ಒಡೆಯ ಅಲೆ. ಶೇ 2ರ ಸಿಹಿನೀರು ಅಲ್ಲಿ ಗುರುತಿಸಬಹುದಾದ ಬದಲಾವಣೆ ತರುವುದು ಕಷ್ಟ.

ಬಲೆಗೆ ತಳ ಹೇಗೆ ಬೇಕು

ಅಳಿವೆಯ ಮೇಲ್ಭಾಗದಲ್ಲಿ ಕತೆ ಬೇರೆ. ಅಲ್ಲಿ ಗೂಟ ನೆಟ್ಟು ಚೀಲದಂಥ ಬಲೆ ಕಟ್ಟುವ ಪದ್ಧತಿಯಿದೆ. ಬಲೆಯ ಬಾಯಿ ಹರಿವಿಗೆ ಎದುರಾಗಿರಬೇಕು, ನೀರೇ ಸಿಗಡಿಯನ್ನು ಒಳಗೆ ತರಬೇಕು. ಕಾಲುವೆ ತುಂಬಿ ಆಳ ಕಡಿಮೆಯಾದರೆ ಹರಿವು ಬೇರೆ ಜಾಡು ಹಿಡಿಯುತ್ತದೆ. ಬಲೆಯ ಬಾಯಿ ಪೂರ್ತಿ ತೆರೆಯುವುದಿಲ್ಲ, ಚೀಲದ ತುದಿ ತಳಕ್ಕೆ ತಾಗಿ ಕೆಸರು ತುಂಬುತ್ತದೆ, ಎತ್ತುವಾಗ ಹರಿಯುತ್ತದೆ. ಗೂಟವನ್ನು ರಭಸದ ಜಾಗಕ್ಕೆ ಸರಿಸಿದರೆ ಅಲ್ಲಿಯೂ ತೊಂದರೆ. ಗೂಟದ ಸುತ್ತ ನೀರು ಸುಳಿದು ಬುಡದ ಮರಳನ್ನು ತೋಡುತ್ತದೆ, ಅಮಾವಾಸ್ಯೆಯ ಉಬ್ಬರಕ್ಕೆ ಗೂಟ ವಾಲುತ್ತದೆ. ತಳಕ್ಕೆ ಬಿಟ್ಟು ಗೋಡೆಯಂತೆ ನಿಲ್ಲಿಸುವ ಕಂತು ಬಲೆಗೆ ಇದೇ ಕಾರಣದಿಂದ ಅಷ್ಟಮಿಯ ಹತ್ತಿರದ ಮಂದ ಉಬ್ಬರ ಹದವಾದ ಕಾಲ. ಹುಣ್ಣಿಮೆ, ಅಮಾವಾಸ್ಯೆಯ ರಭಸಕ್ಕೆ ಬಲೆ ನಿಲ್ಲದೆ ತಳದ ಮೇಲೆ ಮಲಗಿಬಿಡುತ್ತದೆ.

ಚಿಪ್ಪಿಕಲ್ಲಿನ ವಿಷಯ ಇನ್ನೂ ನಾಜೂಕು. ಬೆಳಗಾವಿಯಲ್ಲಿ ತಿಸ್ರೆ ಎಂದು ಕೊಳ್ಳುವ ಈ ಜೀವಿಯ ಮರಿ ನೀರಿನಲ್ಲಿ ಕೆಲವು ದಿನ ತೇಲಿ, ಆಮೇಲೆ ತಳದಲ್ಲಿ ಕೂರಬೇಕು. ಗಟ್ಟಿ ಮರಳು ಸಿಕ್ಕರೆ ಬೇರೂರಿ ಬದುಕುತ್ತದೆ. ತಿಳಿ ಕೆಸರು ಸಿಕ್ಕರೆ ಹೂತುಹೋಗುತ್ತದೆ, ಕಿವಿರು ಕಟ್ಟಿಕೊಂಡು ಸಾಯುತ್ತದೆ. ದೊಡ್ಡ ಮೀನು ಈಜಿಕೊಂಡು ಜಾಗ ಬದಲಿಸಬಹುದು, ಚಿಪ್ಪಿಗೆ ಆ ದಾರಿಯಿಲ್ಲ. ಕೆಸರಿನ ಪಟ್ಟಿ ಒಂದೆರಡು ಕಿಲೋಮೀಟರ್ ಸರಿದರೂ ಅದನ್ನೇ ಆಯ್ದು ಮಾರುವ ಹೆಂಗಸರ ದುಡಿಮೆ ನಿಲ್ಲುತ್ತದೆ. ಈ ನಷ್ಟ ಯಾವ ಟಿಎಂಸಿ ಲೆಕ್ಕದಲ್ಲಿಯೂ ಕಾಣುವುದಿಲ್ಲ, ಅದನ್ನು ಕಾಣದಂತೆ ಬಿಡುವುದು ನ್ಯಾಯವಲ್ಲ.

ಕಾಳಿ, ಶರಾವತಿ ಹೇಳುವುದೇನು

ಅಳಿವೆಯ ಮೀನುಗಾರಿಕೆ ಕೆಡಲು ನೀರು ಕಡಿಮೆಯಾಗಲೇಬೇಕೆಂದಿಲ್ಲ. ನಮ್ಮದೇ ಉತ್ತರ ಕನ್ನಡದಲ್ಲಿ ಉಲ್ಟಾ ಉದಾಹರಣೆ ಇದೆ. ಶರಾವತಿಯಲ್ಲಿ ಲಿಂಗನಮಕ್ಕಿ, ಗೇರುಸೊಪ್ಪ, ಕಾಳಿಯಲ್ಲಿ ಸೂಪಾ, ಕದ್ರಾ ಅಣೆಕಟ್ಟುಗಳಿವೆ. ವಿದ್ಯುತ್ತಿಗಾಗಿ ಬೇಸಿಗೆಯಲ್ಲಿಯೂ ಸಿಹಿನೀರು ಬಿಡುವುದರಿಂದ ಅಳಿವೆಗೆ ಏರಬೇಕಾದ ಉಪ್ಪು ಏರುವುದಿಲ್ಲ. ಶರಾವತಿ ಅಳಿವೆಯಲ್ಲಿ ಚಿಪ್ಪಿಕಲ್ಲು ಸೊರಗಿತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಉಬ್ಬರದ ಉಪ್ಪುನೀರು ಏರುವ ಗಜನಿ ಗದ್ದೆ, ಬಳಚು ಎಂಬ ಚಿಪ್ಪಿ, ಏಡಿ ಎಲ್ಲ ಸಮೃದ್ಧವಾಗಿ ಉಳಿದವು. ಜತೆಗೆ ಅಣೆಕಟ್ಟು ನೆರೆಯ ತುದಿ ಕತ್ತರಿಸುತ್ತದೆ, ಮರಳನ್ನೂ ತಡೆಯುತ್ತದೆ. ಹೆಚ್ಚು ನೀರು ಬಂದರೂ ತಪ್ಪು ತಿಂಗಳಲ್ಲಿ ಬಂದರೆ ಕೇಡು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಕಿಲ್ಲ.

ಯಾರ ವಾದ ಎಲ್ಲಿ ಗಟ್ಟಿ

ಕರ್ನಾಟಕದ ಅಗತ್ಯ ನಿಜವಾದದ್ದು. ನವಿಲುತೀರ್ಥದ ಮಲಪ್ರಭಾ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಆದರೆ ಎಷ್ಟೋ ವರ್ಷ ಅದು ತುಂಬುವುದಿಲ್ಲ. ಹುಬ್ಬಳ್ಳಿ ಧಾರವಾಡದ ನಲ್ಲಿಯಿಂದ ಹಿಡಿದು ನರಗುಂದ, ನವಲಗುಂದದ ಹೊಲದವರೆಗೆ ಎಲ್ಲರೂ ಅದನ್ನೇ ನೆಚ್ಚಿದ್ದಾರೆ. 3.90 ಟಿಎಂಸಿಯನ್ನು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಎತ್ತಿದರೆ ಅದು ಸರಾಸರಿ 370 ಕ್ಯುಸೆಕ್ಸ್. ಅಳಿವೆಯ 16,000 ಕ್ಯುಸೆಕ್ಸ್ ಎದುರು ಅದು ನೆರೆಯ ತೊಳೆತವನ್ನು ತಡೆಯುವಷ್ಟಿಲ್ಲ. ಖಾಂಡೇಪಾರ್, ವಾಳವಂಟಿ, ಮಾಪುಸಾ ಹೊಳೆಗಳೆಲ್ಲ ಗೋವೆಯೊಳಗೆ ಸೇರುತ್ತವೆ.

ಗೋವೆಯ ವಾದ ಗಟ್ಟಿಯಾಗುವುದು ಬೇಸಿಗೆಯ ಲೆಕ್ಕದಲ್ಲಿ. ಅದೇ 3.90 ಟಿಎಂಸಿ ಎಂಟು ತಿಂಗಳಿಗೆ ಹಂಚಿಹೋದರೆ 186 ಕ್ಯುಸೆಕ್ಸ್. ಕೇಳಲು ಸಣ್ಣದು. ಆದರೆ ಹೊಳೆಯೇ ಸೊರಗಿರುವ ತಿಂಗಳುಗಳಲ್ಲಿ ಅಷ್ಟು ಕಡಿತ ಉಪ್ಪಿನ ಗಡಿಯನ್ನು ಸರಿಸಬಲ್ಲದು. ಮಳೆ ನಿಂತ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಕಾಡು ಬಸಿದುಕೊಡುವ ನೀರು ಉಪ್ಪು ಏರುವುದನ್ನು ಕೆಲವು ವಾರ ಮುಂದೂಡುತ್ತದೆ. ಆ ನೀರನ್ನು ಕಟ್ಟೆ ಹಾಕಿ ನಿಲ್ಲಿಸಿದರೆ ಕೆಸರು ಕೂರುವ ಹಂಗಾಮು ಬೇಗ ಶುರುವಾಗುತ್ತದೆ. ‘ಬೇಸಿಗೆಗೆ ಹಳ್ಳದಲ್ಲಿ ನೀರೇ ಇರುವುದಿಲ್ಲ, ತೆಗೆಯುವುದೇನು’ ಎಂಬ ನಮ್ಮ ಕಡೆಯ ಉತ್ತರ ಏಪ್ರಿಲ್‌ಗೆ ಹೊಂದುತ್ತದೆ, ಅಕ್ಟೋಬರ್‌ಗೆ ಹೊಂದುವುದಿಲ್ಲ. ಇನ್ನು ಕಣಕುಂಬಿ, ನೇರಸೆಯ ಕೆಳಗಿನ ಮೊದಲ ಹಾದಿಯಲ್ಲಿ ತಿರುಗುವ ಪಾಲು ಶೇ 2 ಅಲ್ಲ, ಹಳ್ಳದ ನೀರಿನ ದೊಡ್ಡ ಭಾಗ. ಉಪನದಿಗಳು ಕೂಡಿದಂತೆ ಮಾತ್ರ ಅದು ಕರಗುತ್ತದೆ.

ಹಾಗೆಂದು ಮಾಂಡೋವಿಯ ತಳ ಈವರೆಗೆ ಕೆಟ್ಟಿದ್ದಕ್ಕೆ ಕಳಸಾ ಬಂಡೂರಿ ಕಾರಣವಲ್ಲ. 2012ರ ತಡೆಗೆ ಮುಂಚೆ ಗೋವೆಯ ಕಬ್ಬಿಣದ ಗಣಿಗಳ ಮಣ್ಣಿನ ಗುಡ್ಡೆಗಳಿಂದ ಪ್ರತಿ ಮಳೆಗೂ ಕೆಂಪು ಹೂಳು ಹೊಳೆಗೆ ಇಳಿಯುತ್ತಿತ್ತು. ಮರಳು ತೆಗೆಯುವ ದೋಣಿಗಳು ತಳದಲ್ಲಿ ಗುಂಡಿ ಮಾಡುತ್ತವೆ. ಗುಂಡಿಯಲ್ಲಿ ಹರಿವು ನಿಧಾನವಾಗಿ ಜೇಡಿ ತುಂಬುತ್ತದೆ, ಮೇಲಿನಿಂದ ಬರುವ ಮರಳು ಅಲ್ಲೇ ಸಿಕ್ಕಿಬಿದ್ದು ಕೆಳಗಿನ ದಂಡೆ ಕೊರೆಯುತ್ತದೆ. ಇವನ್ನು ಬದಿಗಿಟ್ಟು ತಳ ಕೆಟ್ಟ ಹೊಣೆಯನ್ನೆಲ್ಲ ಘಟ್ಟದ ಮೇಲಿನವರ ತಲೆಗೆ ಕಟ್ಟುವುದು ಸರಿಯಲ್ಲ.

ಮುಂದೆ ಏನಾಗಬಹುದು

ಹಳ್ಳದ ನೀರನ್ನು ಮಲಪ್ರಭೆಗೆ ಎತ್ತುವ ಪಂಪುಗಳು ನೆರೆಯ ದಿನಗಳಲ್ಲಿ ಮಾತ್ರ ಓಡಿದರೆ ಅಳಿವೆಯ ತಳದಲ್ಲಿ ಕಣ್ಣಿಗೆ ಕಾಣುವ ಬದಲಾವಣೆಯ ಸಾಧ್ಯತೆ ಕಡಿಮೆ. ಮಳೆ ಕಡಿಮೆಯಾದ ವರ್ಷ ಪರೀಕ್ಷೆಯ ವರ್ಷ. ಆಗ ಮಲಪ್ರಭೆಯೂ ತುಂಬಿರುವುದಿಲ್ಲ, ಮಾಂಡೋವಿಯೂ ತೊಳೆದಿರುವುದಿಲ್ಲ. ಸೆಪ್ಟೆಂಬರ್ ದಾಟಿಯೂ ಎತ್ತಬೇಕೆಂಬ ಒತ್ತಡ ಹುಬ್ಬಳ್ಳಿಯಿಂದ ಬರುತ್ತದೆ. ಅಂಥ ವರ್ಷಕ್ಕೆ ಹಳ್ಳದಲ್ಲಿ ಕನಿಷ್ಠ ಎಷ್ಟು ಕ್ಯುಸೆಕ್ಸ್ ಬಿಟ್ಟ ಮೇಲೆ ಪಂಪು ಚಾಲೂ ಮಾಡಬೇಕು ಎಂಬುದನ್ನು ತಿಂಗಳವಾರು ಬರೆದಿಡಬೇಕಾಗುತ್ತದೆ. ತೀರ್ಪಿನ ಜಾರಿಗೆ 2023ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪ್ರವಾಹ’ ಪ್ರಾಧಿಕಾರದಿಂದ ಎರಡೂ ರಾಜ್ಯಗಳ ಜನ ಕೇಳಬೇಕಾದದ್ದು ಈ ಪಟ್ಟಿಯನ್ನು.

ಅಳತೆಯೂ ಕಷ್ಟದ್ದಲ್ಲ. ಕಟ್ಟೆಯ ಕೆಳಗೆ ದಿನದ ಹರಿವು. ಅಳಿವೆಯ ಉದ್ದಕ್ಕೂ ಗೊತ್ತುಮಾಡಿದ ಜಾಗಗಳಲ್ಲಿ ಹುಣ್ಣಿಮೆಗೊಮ್ಮೆ, ಅಷ್ಟಮಿಗೊಮ್ಮೆ, ಉಬ್ಬರ ತುಂಬಿದ ಹೊತ್ತಿನಲ್ಲಿ ಮೇಲಿನ ಮತ್ತು ತಳದ ನೀರಿನ ಉಪ್ಪು. ತಳದ್ದು ತೆಗೆಯದಿದ್ದರೆ ಅಳತೆ ದಾರಿ ತಪ್ಪಿಸುತ್ತದೆ, ಏಕೆಂದರೆ ಭಾರದ ಉಪ್ಪುನೀರು ಸಿಹಿನೀರಿನ ಅಡಿಯಲ್ಲಿ ಜಾರಿ ಒಳಬರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಗೆರೆಗಳಲ್ಲಿ ಆಳದ ಅಳತೆ ಮತ್ತು ತಳದ ಮಣ್ಣಿನ ಮಾದರಿ. ಪಂಪು ಚಾಲೂ ಆಗುವ ಮುಂಚಿನ ಕೆಲವು ವರ್ಷಗಳ ಅಳತೆ ಕೈಯಲ್ಲಿರಬೇಕು. ಅದಿಲ್ಲದೆ ಆಮೇಲೆ ಕೆಸರು ಕಂಡರೆ ಅದು ಯಾರದೆಂದು ಹೇಳಲು ಬರುವುದಿಲ್ಲ.

ಕಟ್ಟೆಯ ವಿನ್ಯಾಸದಲ್ಲಿಯೂ ಒಂದು ಅಂಶ ನೋಡಬೇಕು. ಘಟ್ಟದ ಹಳ್ಳ ನೀರಿನ ಜತೆ ಮರಳು, ಹರಳು ತರುತ್ತದೆ. ಬುಡದಲ್ಲಿ ಬಾಗಿಲಿಲ್ಲದ ಗೋಡೆ ಕಟ್ಟಿದರೆ ಅದರ ಹಿಂದೆ ಮರಳು ತುಂಬುತ್ತದೆ, ಸಂಗ್ರಹ ಕುಗ್ಗುತ್ತದೆ, ಕೆಳಗೆ ಮರಳಿಲ್ಲದೆ ಹಸಿದ ನೀರು ಹಳ್ಳದ ತಳವನ್ನು ಕೊರೆಯುತ್ತದೆ. ಬುಡದ ಬಾಗಿಲಿಟ್ಟು ಜೂನ್, ಜುಲೈನ ಮೊದಲ ದೊಡ್ಡ ನೆರೆಗಳಿಗೆ ಅದನ್ನು ಪೂರ್ತಿ ತೆರೆದು, ಮರಳು ಕೆಳಗೆ ಸಾಗಿದ ಮೇಲೆಯೇ ಮುಚ್ಚಿ ಪಂಪು ಹಚ್ಚುವ ಕ್ರಮ ಇಟ್ಟುಕೊಂಡರೆ ಮಲಪ್ರಭೆಗೆ ಬರುವ ನೀರಿನಲ್ಲಿ ಕೆಲವೇ ದಿನಗಳ ಪಾಲು ಕಡಿಮೆಯಾಗುತ್ತದೆ.